ಯಂತ್ರದಿಂದ ಯಂತ್ರಕ್ಕೆ ಹೋಗುವ ಕರೆಗಳಿಗೆ ತಲೆಬರಹ ಕಡ್ಡಾಯ

ಸಂಖ್ಯೆ: ದೂಕವಿ/ತಲೆ/೩/ಮರು-ಮರು

ವಿಷಯ: ಒಂದು ಕೋಣೆಯ ಯಂತ್ರವು ಇನ್ನೊಂದು ಕೋಣೆಯ ಯಂತ್ರಕ್ಕೆ ಕೆಲಸ ಹೇಳಿ ಕಳಿಸುವ ಸಂದೇಶಗಳ ತಲೆಬರಹದ ಬಗ್ಗೆ.

ಉಲ್ಲೇಖ: ೧) ಯಂತ್ರಕೋಣೆಯ ಆಪರೇಟರ್ ಅಕ್ಕನವರ ರಜೆ ಅರ್ಜಿ. ೨) ಅದೇ ಅರ್ಜಿ. ೩) ಅದೇ ಅರ್ಜಿ.

ಆಪರೇಟರ್ ಅಕ್ಕನವರು ಮಗಳ ಚೊಚ್ಚಲ ಹೆರಿಗೆಗೆಂದು ಹದಿನೈದು ದಿನಗಳ ರಜೆ ಕೋರಿದ್ದು, ನೆಲಮಹಡಿಯ ಯಂತ್ರವು ಅದನ್ನು ಮೂರನೇ ಮಹಡಿಯ ರಜಾ ಯಂತ್ರಕ್ಕೆ ಕಳುಹಿಸಿತ್ತು. ಉತ್ತರ ತಡವಾದ ಕಾರಣ ಮತ್ತೆರಡು ಬಾರಿ ಕಳುಹಿಸಿತು. ಸಂದೇಶದ ತಲೆಯಲ್ಲಿ ಕರೆ ಸಂಖ್ಯೆ ಇಲ್ಲದ್ದರಿಂದ ರಜಾ ಯಂತ್ರವು ಮೂವರು ಹೆಣ್ಣುಮಕ್ಕಳ ಮೂರು ಹೆರಿಗೆ ಎಂದು ಬಗೆದು ನಲವತ್ತೈದು ದಿನ ಮಂಜೂರು ಮಾಡಿತು. ಕರೆದವರು ಯಾರೆಂದೂ ಇಲ್ಲದ್ದರಿಂದ ಸಿಬ್ಬಂದಿ ಪಟ್ಟಿಯ ಮೊದಲ ಹೆಸರಿಗೆ, ಅಂದರೆ ಕೆಳಗೆ ಸಹಿ ಮಾಡಿರುವ ಅಧೀಕ್ಷಕರಿಗೆ, ರಜೆ ದಯಪಾಲಿಸಲಾಯಿತು. ಯಂತ್ರ ತಪ್ಪು ಮಾಡದೆಂಬ ನಿಯಮಕ್ಕೆ ತಲೆಬಾಗಿ ಅವರು ಒಂಬತ್ತು ದಿನ ಮನೆಯಲ್ಲಿ ಕಾಲು ಚಾಚಿ ಮಲಗಿದ್ದರೆಂದು ವಿಷಾದದಿಂದ ದಾಖಲಿಸಲಾಗಿದೆ. ಹತ್ತನೇ ದಿನ ಮಂಜೂರಾತಿ ಪತ್ರ ಓದಿದ ಅವರ ಹೆಂಡತಿಯು, "ನಮಗಿರೋನು ಒಬ್ಬನೇ ಮಗ, ಅವನಿನ್ನೂ ಮೂರನೇ ಕ್ಲಾಸು. ಯಾರ ಹೆರಿಗೆಗೆ ರೀ ನೀವು ರಜೆ ಹಾಕಿರೋದು?" ಎಂದು ಕೇಳಿದಾಗ ದೋಷವು ಬೆಳಕಿಗೆ ಬಂದಿತು. ಅಕ್ಕನ ಮಗಳಿಗೆ ವೈದ್ಯರು ಕೊಟ್ಟಿರುವ ದಿನ ನಾಡಿದ್ದು.

ಆದ್ದರಿಂದ ಈ ಕೆಳಗಿನಂತೆ ಆದೇಶಿಸಲಾಗಿದೆ:

೧. ತಲೆಯಿಲ್ಲದೆ ಬಂದ ಸಂದೇಶವನ್ನು ಬಾಗಿಲಲ್ಲೇ ತಡೆದು, ಬೆದರಿಸದೆ, ಹಿಂದಕ್ಕೆ ಕಳುಹಿಸತಕ್ಕದ್ದು.

೨. ತಲೆಬರಹದಲ್ಲಿ ಕರೆ ಸಂಖ್ಯೆ, ಕರೆದವರು, ಕರೆಸಿಕೊಂಡವರು, ಆಗಬೇಕಾದ ಕೆಲಸ, ಕಾಯುವ ಗಡುವು ಇರತಕ್ಕದ್ದು. ಆರನೆಯದೊಂದನ್ನು ಸೇರಿಸಲು ಆಸೆಪಡುವವರು ಸದರಿ ಆಸೆಯನ್ನು ಲಿಖಿತವಾಗಿ ಕೈಬಿಡತಕ್ಕದ್ದು.

೩. ಮರುಕರೆಗೆ ಹಳೆಯ ಸಂಖ್ಯೆಯನ್ನೇ ಬಳಸತಕ್ಕದ್ದು. ಅದೇ ಸಂಖ್ಯೆ ಮತ್ತೆ ಬಂದಲ್ಲಿ ಕೆಲಸವನ್ನು ಪುನಃ ಮಾಡದೆ, ಹಿಂದೆ ಕೊಟ್ಟ ಉತ್ತರವನ್ನೇ ಕೊಟ್ಟು ಸಾಗಹಾಕತಕ್ಕದ್ದು. ಸಿಬ್ಬಂದಿಯು ಸಾರ್ವಜನಿಕರೊಂದಿಗೆ ಈ ಪದ್ಧತಿಯನ್ನು ಈಗಾಗಲೇ ಪಾಲಿಸುತ್ತಿರುವುದರಿಂದ ಪ್ರತ್ಯೇಕ ತರಬೇತಿ ಇರುವುದಿಲ್ಲ.

೪. ಗಡುವು ಮೀರಿದ ಕೆಲಸವನ್ನು ಯಂತ್ರವು ಕೈಬಿಡಬಹುದು. ಇದು ತಮಗೂ ಅನ್ವಯಿಸುತ್ತದೆಂದು ಸಿಬ್ಬಂದಿ ಹಿಗ್ಗತಕ್ಕದ್ದಲ್ಲ.

೫. ಅಡುಗೆಮನೆಯಿಂದ ಬರುವ "ರೀ" ಎಂಬ ಕರೆಯಲ್ಲಿ ಸಂಖ್ಯೆ ಇಲ್ಲವಾದ್ದರಿಂದ ಅದನ್ನು ತಿರಸ್ಕರಿಸಬಹುದು. (ಪ್ರಾಯೋಗಿಕವಾಗಿ ಜಾರಿಗೊಳಿಸಿದ ಅಧಿಕಾರಿಗೆ ಅಂದು ಊಟ ಸಿಗದ ಕಾರಣ ಈ ಅಂಶವನ್ನು ಹಿಂಪಡೆಯಲಾಗಿದೆ.)

೬. ಒಮ್ಮೆ ಕೊಟ್ಟ ರಜೆಯ ಹೆಸರು ಬದಲಿಸಲು ರಜಾ ಯಂತ್ರವು ಒಪ್ಪುತ್ತಿಲ್ಲ. ಅಧೀಕ್ಷಕರ ಹೆಸರಿನಲ್ಲಿ ಇನ್ನೂ ಮೂವತ್ತಾರು ದಿನ ಉಳಿದಿವೆ. ಆದಕಾರಣ ಇಂದಿನಿಂದ ಅಕ್ಕನವರು ಅಧೀಕ್ಷಕರಾಗಿ ರಜೆಯ ಮೇಲೆ ತೆರಳತಕ್ಕದ್ದು; ಅಧೀಕ್ಷಕರು ಅಕ್ಕನವರಾಗಿ ಯಂತ್ರಕೋಣೆಯಲ್ಲಿ ಕೂರತಕ್ಕದ್ದು. ನಾಚಿಕೆಯಾಗುತ್ತಿದೆ ಎಂಬುದನ್ನೂ ಈ ಮೂಲಕ ತಿಳಿಸಲಾಗಿದೆ.

(ಸಹಿ)
ಆಪರೇಟರ್ ಅಕ್ಕ
(ಮೂವತ್ತಾರು ದಿನಗಳ ಮಟ್ಟಿಗೆ, ಮೂಲತಃ ಅಧೀಕ್ಷಕರು, ದೂರಕರೆ ವಿಭಾಗ)

ಪ್ರತಿಗಳು:
೧. ನೆಲಮಹಡಿಯ ಯಂತ್ರಕ್ಕೆ, ಒಮ್ಮೆ ಮಾತ್ರ.
೨. ರಜಾ ಯಂತ್ರಕ್ಕೆ ಕಳುಹಿಸಿಲ್ಲ. ಯಾರೂ ಬಾಯಿ ಬಿಡಬಾರದು.
೩. ಅಧೀಕ್ಷಕರ ಮನೆಗೆ, ಊಟದ ಪುನರಾರಂಭ ಕೋರಿ.
೪. ಅಕ್ಕನ ಮಗಳಿಗೆ: ಗಾಬರಿ ಬೇಡಮ್ಮ, ನಿಮ್ಮಮ್ಮ ಬೆಳಗಿನ ಬಸ್ಸಿಗೇ ಹೊರಟರು.