ಅಕ್ಕನ ಮನೆಗೆ ಹೋದ ಕೂಲರ್

ಬೇಸಿಗೆ ಮುಗಿದ ಮೇಲೆ ಕೂಲರಿನ ತೊಟ್ಟಿಯ ನೀರು ಚೆಲ್ಲಿ, ಒರೆಸಿ, ಒಣಗಿಸಿ ಇಡಬೇಕು. ಇಷ್ಟಕ್ಕೆ ಓದೂ ಬೇಕಿಲ್ಲ, ಬುದ್ಧಿಯೂ ಬೇಕಿಲ್ಲ, ಎರಡು ಕೈ ಇದ್ದರೆ ಸಾಕು. ನಿಟ್ಟುವಳ್ಳಿಯ ಗೋಣೆಪ್ಪನಿಗೆ ಕೈ ಎರಡೂ ಗಟ್ಟಿಯಾಗಿಯೇ ಇದ್ದವು. ಆದರೂ ಕಳೆದ ಜೂನಿನಲ್ಲಿ ಮೊದಲ ಮಳೆ ಬಿದ್ದ ದಿನ ಅವನು ಕೂಲರನ್ನು ನೀರಿನ ಸಮೇತ ಮೂಲೆಗೆ ತಳ್ಳಿ, ಮೇಲೊಂದು ಹಳೇ ಬೆಡ್‌ಶೀಟ್ ಹೊದಿಸಿ, "ಆಮ್ಯಾಲೆ ನೋಡಾಣ" ಅಂದ. ಆ 'ಆಮ್ಯಾಲೆ' ಬಂದದ್ದು ಈ ಮಾರ್ಚಿನಲ್ಲಿ.

ದಾವಣಗೆರೆಯ ಬಿಸಿಲು ರೊಟ್ಟಿ ಹಂಚಿನಂತೆ ಕಾದಿದ್ದ ಒಂದು ಸಂಜೆ, ಪಕ್ಕದ ಮನೆ ಹನುಮಂತಪ್ಪ ಕಾಫಿಗೆ ಬಂದು ಕೂಲರ್ ಎದುರಿಗೇ ಕುರ್ಚಿ ಎಳೆದುಕೊಂಡು ಕೂತ. ಗೋಣೆಪ್ಪ ಸ್ವಿಚ್ ಒತ್ತಿದ. ಕೂಲರ್ ಮೊದಲು ಬೀಡಿ ಸೇದುವ ಮುದುಕನಂತೆ ಕೆಮ್ಮಿತು. ಆಮೇಲೆ ಒಂಬತ್ತು ತಿಂಗಳಿಂದ ಕೊಳೆತ ಹುಲ್ಲು, ಕರಿ ನೀರು, ಎರಡು ಜಿರಲೆ ಎಲ್ಲವನ್ನೂ ಒಂದೇ ಉಸಿರಿಗೆ ಹನುಮಂತಪ್ಪನ ಮುಖಕ್ಕೆ ಉಗಿಯಿತು. ಒಂದು ಜಿರಲೆ ನೇರ ಕಾಫಿ ಲೋಟಕ್ಕೆ ಇಳಿಯಿತು.

"ಇದು ಕೂಲರ್ ಅಲ್ಲಪ್ಪೋ, ಚರಂಡಿ!" ಎಂದು ಹನುಮಂತಪ್ಪ ಪಂಚೆ ಕೊಡವುತ್ತಾ ಎದ್ದ.

ಅಡುಗೆಮನೆಯಿಂದ ಗೋಣೆಪ್ಪನ ಹೆಂಡತಿ ಸುಧಾ ಬಂದಳು. ಗೋಡೆ ನೋಡಿದಳು, ಹನುಮಂತಪ್ಪನನ್ನು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು.

"ಇದು ನಮ್ಮವ್ವ ಕೊಡಿಸಿದ ಕೂಲರ್ರಿ. ಮುಂದಿನ ಭಾನುವಾರ ಸಂಜಿಕೆ ಅವ್ವ ಕುಕ್ಕುವಾಡದಿಂದ ಬರ್ತಾಳೆ, ಬೇಸಿಗೆ ಮುಗಿಯೋ ತನಕ ಇಲ್ಲೇ ಇರ್ತಾಳೆ. ಅವಳು ಬಾಗಿಲು ದಾಟೋ ಹೊತ್ತಿಗೆ ಈ ಕೂಲರ್ ಇಲ್ಲೇ ನಿಂತು ತಣ್ಣಗೆ ಗಾಳಿ ಬಿಡ್ತಿರಬೇಕು. ಇಲ್ಲಾಂದ್ರೆ ನಾನು ಅವ್ವನ ಜೊತೀಗೆ ವಾಪಸ್ ಹೊಂಟೆ. ನೀವು ಆ ಉಳಿದ ಜಿರಲೆ ಜೊತೆ ಸಂಸಾರ ಮಾಡ್ರಿ."

ಗೋಣೆಪ್ಪ ಹೂಂ ಅಂದ. ಅವನಿಗೆ ಬರುತ್ತಿದ್ದ ಮಾತೇ ಅದೊಂದು. ಸೀರೆ ಅಂಗಡಿಯಲ್ಲಿ ಸೇಲ್ಸ್‌ಮನ್ ಆಗಿ ಇಪ್ಪತ್ತು ವರ್ಷ ದುಡಿದವನು. ನೂರು ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ, "ನಿಮ್ಮಲ್ಲಿ ಏನೂ ಚೆನ್ನಾಗಿಲ್ಲ" ಎಂದು ಎದ್ದು ಹೋಗುವ ಹೆಂಗಸಿಗೂ "ಪರವಾಗಿಲ್ಲ, ಬರ್ರಿ ಅಕ್ಕ" ಅನ್ನುವ ಪ್ರಾಣಿ. ನಾಲ್ಕು ಜನ ನೋಡುತ್ತಿದ್ದರೆ ಅವನ ಬಾಯಿಂದ 'ಇಲ್ಲ' ಅನ್ನುವ ಮಾತು ಹೊರಡುತ್ತಿರಲಿಲ್ಲ. ಇಂಥವರನ್ನು ಜನ ಒಳ್ಳೆಯವರು ಅನ್ನುತ್ತಾರೆ. ನನ್ನ ಕೇಳಿದರೆ ಇಂಥವರಿಗೆ ಎರಡು ಬಿಡಬೇಕು.

ರಿಪೇರಿಗೆ ಎಲ್ಲಿ ಕೊಡಬೇಕು ಅನ್ನುವುದನ್ನೂ ಹನುಮಂತಪ್ಪನೇ ತೀರ್ಮಾನ ಮಾಡಿದ. "ಈ ಊರಾಗೆ ಯಾರಿಗೂ ಕೊಡಬ್ಯಾಡ. ಹರಿಹರದಾಗೆ ದಾನಿಶ್ ಅಂತ ಐದಾನೆ. ಅವನು ಮುಟ್ಟಿದ ಕೂಲರ್ ಹಿಮಾಲಯದ ಗಾಳಿ ಬಿಡ್ತೈತೆ." ದಾವಣಗೆರೆಯಲ್ಲಿ ಬೀದಿಗೊಬ್ಬ ಕೂಲರ್ ಮೆಕ್ಯಾನಿಕ್ ಇರುವಾಗ ಹರಿಹರಕ್ಕೆ ಯಾಕೆ ಹೋಗಬೇಕು? ಗೋಣೆಪ್ಪ ಕೇಳಲಿಲ್ಲ. ಹೂಂ ಅಂದ. ಮರುದಿನವೇ ಕೂಲರ್ ಲಗೇಜ್ ಆಟೋ ಹತ್ತಿ ಹರಿಹರ ಸೇರಿತು.

ಭಾನುವಾರವೇ ಹರಿಹರದಲ್ಲಿ ಗೋಣೆಪ್ಪನ ಅಕ್ಕ ಚೌಡೇಶ್ವರಿಯ ಹೊಸ ಮನೆಯ ಗೃಹಪ್ರವೇಶವೂ ಇತ್ತು. ಸುಧಾ ಹೊರಡಲಿಲ್ಲ. "ಅವ್ವ ಬರ್ತಾಳೆ, ಅಡಿಗೆ ಐತೆ" ಅಂದಳು. ನಿಜ ಏನಂದರೆ ಒಂದು ಸೀರೆಯ ವಿಷಯಕ್ಕೆ ನಾದಿನಿಗೂ ಅವಳಿಗೂ ದೀಪಾವಳಿಯಿಂದ ಮಾತಿರಲಿಲ್ಲ. "ತವರಿನ ಕಡೆಯಿಂದ ಇದು ಕೊಡ್ರಿ" ಎಂದು ಒಂದು ಗೋಡೆ ಗಡಿಯಾರ ಕಟ್ಟಿಕೊಟ್ಟಳು. ಅದು ಅಂಗೈಗಿಂತ ಸ್ವಲ್ಪ ದೊಡ್ಡದಿತ್ತು.

ಗೋಣೆಪ್ಪ ಮೊದಲು ದಾನಿಶ್‌ನ ಅಂಗಡಿಗೆ ಹೋದ. ಬೇಸಿಗೆ ಶುರುವಿನ ಗಿರಾಕಿ. ಅಂಗಡಿ ಮುಂದೆ ಫುಟ್‌ಪಾತ್ ತುಂಬಾ ಕೂಲರುಗಳು ಕ್ಷೌರಕ್ಕೆ ಕೂತ ಮದುಮಕ್ಕಳಂತೆ ಸಾಲಾಗಿ ಕೂತಿದ್ದವು.

"ಬರ್ರಿ ಅಣ್ಣ, ನಿಮ್ದು ರೆಡಿ" ಎಂದು ದಾನಿಶ್ ಒಂದನ್ನು ಎಳೆದು ನಿಲ್ಲಿಸಿದ. "ತೊಟ್ಟಿ ಕೆರೆದೀನಿ. ಬೋರ್ ನೀರಿನ ಉಪ್ಪು ಒಂದು ಬೆರಳು ದಪ್ಪ ಕೂತಿತ್ತು. ಹೊಸ ಹುಲ್ಲಿನ ಪ್ಯಾಡು, ಹೊಸ ಪಂಪು, ಮೋಟಾರಿಗೆ ಎಣ್ಣಿ, ಮ್ಯಾಲೆ ಬೆಳ್ಳಿ ಬಣ್ಣ. ನೋಡ್ರಿ, ಮದುವಿ ಹೆಣ್ಣು!"

ಫಳಫಳ ಹೊಳೆಯುವ ಕೂಲರ್ ನೋಡಿ ಗೋಣೆಪ್ಪನಿಗೆ ಕಣ್ಣು ತುಂಬಿತು. ದಾನಿಶ್ ಅದಕ್ಕೆ ಪ್ಲಾಸ್ಟಿಕ್ ಸುತ್ತಿದ. ಹಗ್ಗ ಸಿಗದೆ, ಪಕ್ಕದ ಫ್ಯಾನ್ಸಿ ಅಂಗಡಿಯಿಂದ ಕೆಂಪು ರಿಬ್ಬನ್ ತಂದು ಬಿಗಿದು ಕಟ್ಟಿದ.

ದಾರಿಯಲ್ಲೇ ಅಕ್ಕನ ಮನೆ. ಆಟೋದವನಿಗೆ ಹತ್ತು ನಿಮಿಷ ನಿಲ್ಲು, ಗಡಿಯಾರ ಕೊಟ್ಟು, ಎರಡು ಹೋಳಿಗೆ ತಿಂದು ಬರ್ತೀನಿ ಅಂದ ಗೋಣೆಪ್ಪ. ಆಟೋದವನಿಗೆ ಬೇರೆ ಬಾಡಿಗೆ ಇತ್ತು. "ಹತ್ತು ನಿಮಿಷ ಅಂದ್ರೆ ಒಂದು ತಾಸು, ನನಗೊತ್ತಿಲ್ವಾ ಊಟದ ಮನೆ?" ಎಂದವನೇ ಕೂಲರನ್ನು ಶಾಮಿಯಾನದ ಬಾಗಿಲಿಗೇ ಇಳಿಸಿ ಹೊರಟುಹೋದ.

ಅಲ್ಲಿಗೆ ಗೋಣೆಪ್ಪನ ಕತೆ ಮುಗಿಯಿತು ಅಂತಲೇ ಇಟ್ಟುಕೊಳ್ಳಿ.

ಶಾಮಿಯಾನದೊಳಗೆ ಮುಯ್ಯಿ ನಡೆಯುತ್ತಿತ್ತು. ಯಾರು ಏನು ಉಡುಗೊರೆ ತಂದರು ಎಂದು ಮೈಕಿನಲ್ಲಿ ಕೂಗುವ ಕೆಲಸ ನಿವೃತ್ತ ಮೇಷ್ಟ್ರು ಮೈಲಾರಲಿಂಗಪ್ಪನವರದು. ಮೂವತ್ತೈದು ವರ್ಷ ಮಕ್ಕಳ ಹಾಜರಿ ಕೂಗಿದ ಗಂಟಲು, ಮೈಕು ಕೈಗೆ ಸಿಕ್ಕರೆ ಬಿಡುತ್ತದೆಯೇ? ಬಾಗಿಲಲ್ಲಿ ಕೆಂಪು ರಿಬ್ಬನ್ ಕಟ್ಟಿದ ಕೂಲರ್, ಅದರ ಪಕ್ಕ ಬೆವರು ಒರೆಸುತ್ತಾ ನಿಂತ ತಮ್ಮ. ಮೇಷ್ಟ್ರು ಒಂದು ಕ್ಷಣವೂ ತಡಮಾಡಲಿಲ್ಲ.

"ನಿಟ್ಟುವಳ್ಳಿಯ ಗೋಣೆಪ್ಪನವರಿಂದ, ಒಡಹುಟ್ಟಿದ ಅಕ್ಕನ ಗೃಹಪ್ರವೇಶಕ್ಕೆ, ತವರುಮನೆ ಉಡುಗೊರೆ, ಒಂದು ಏರ್ ಕೂಲರ್!"

ಊಟಕ್ಕೆ ಕೂತವರೂ ಎದ್ದು ನೋಡಿದರು.

"ಮೇಷ್ಟ್ರೇ, ಅದು..." ಎಂದು ಗೋಣೆಪ್ಪ ಕೈ ಎತ್ತಿದ.

"ಕೈ ಮುಗಿಯೋದು ಬ್ಯಾಡಪ್ಪ, ನಿನ್ನ ಮನಸ್ಸು ದೊಡ್ಡದು!" ಎಂದರು ಮೇಷ್ಟ್ರು, ಅದನ್ನೂ ಮೈಕಿನಲ್ಲೇ.

ಅಷ್ಟರಲ್ಲಿ ಚೌಡೇಶ್ವರಿ ಓಡಿ ಬಂದಳು. ಅವಳ ಕಣ್ಣಲ್ಲಿ ನೀರು ಧಾರಾಕಾರ. ತಮ್ಮನ ಎರಡೂ ಕೈ ಹಿಡಿದುಕೊಂಡು, "ನನ್ನ ಮಾನ ಉಳಿಸಿದ್ಯೋ ತಮ್ಮ. ಬೆಳಿಗ್ಗಿಂದ ಈ ಅಂಜಿನವ್ವ, ನಿನ್ನ ತವರಿನೋರು ಏನು ತರ್ತಾರೆ, ಗೋಡೆ ಗಡಿಯಾರನಾ ಅಂತ ಹಂಗಿಸ್ತಿದ್ಲು" ಅಂದಳು.

ಅಂಜಿನವ್ವ ಅವಳ ವಾರಗಿತ್ತಿ. ಪಕ್ಕದಲ್ಲೇ ನಿಂತು ಹುಳಿ ಮಜ್ಜಿಗೆ ಕುಡಿದವಳಂತೆ ಮುಖ ಮಾಡಿಕೊಂಡಿದ್ದಳು. ಗೋಣೆಪ್ಪ ಕೈಚೀಲದ ಗಡಿಯಾರವನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

'ಅಕ್ಕ, ಇದು ಉಡುಗೊರೆ ಅಲ್ಲ, ರಿಪೇರಿಗೆ ಕೊಟ್ಟಿದ್ದು, ನಮ್ಮತ್ತೇದು.' ಇಷ್ಟು ಹೇಳಿದ್ದರೆ ಮುಗಿದಿತ್ತು. ಗೋಣೆಪ್ಪ ಬಾಯಿ ತೆರೆದ. ಅಕ್ಕ ಅತ್ತಳು. ಅಂಜಿನವ್ವ ನೋಡಿದಳು. ಗೋಣೆಪ್ಪ ಅಂದ: "ಇರ್ಲಿ ಬಿಡಕ್ಕ."

ಕೂಲರನ್ನು ನಾಲ್ಕು ಜನ ಎತ್ತಿ ನಡುಮನೆಗೆ ಒಯ್ದರು. ಎಂಟು ಜನ ಅದನ್ನು ಎಲ್ಲಿಡಬೇಕು ಎಂದು ಜಗಳ ಆಡಿದರು. ಒಬ್ಬ ಕಿಟಕಿಗೆ ಅಂದ, ಒಬ್ಬ ಬಾಗಿಲಿಗೆ ಅಂದ, ಇನ್ನೊಬ್ಬ ಆಗ್ನೇಯಕ್ಕೆ ಬ್ಯಾಡ, ನೀರಿಂದು ಅಂದ. ಗೋಣೆಪ್ಪ ಸಣ್ಣ ದನಿಯಲ್ಲಿ ಒಂದು ದಾಳ ಉರುಳಿಸಿದ. "ಮೋಟಾರು ಯಾಕೋ ಸದ್ದು ಮಾಡ್ತೈತೆ. ಇವತ್ತು ವಾಪಸ್ ಒಯ್ದು, ಸರಿ ಮಾಡಿಸಿ ತರ್ತೀನಿ."

"ಎಲ್ಲಿ, ಹಾಕ್ರಿ ನೋಡಾಣ" ಎಂದರು. ಎರಡು ಕೊಡ ನೀರು ಹುಯ್ದು ಸ್ವಿಚ್ ಒತ್ತಿದರು. ಕೂಲರ್ ಸದ್ದಿಲ್ಲದೆ, ಹೊಳೆದಂಡೆಯ ಗಾಳಿಯಂತೆ ತಣ್ಣಗೆ ಬೀಸಿತು. ಐದು ನಿಮಿಷಕ್ಕೆ ಮೂರು ಜನ ಹಿರಿಯರು ಅದರ ಮುಂದೆ ಗೊರಕೆ ಹೊಡೆದರು. ಗೋಣೆಪ್ಪ ಮನಸ್ಸಿನಲ್ಲೇ ದಾನಿಶ್‌ಗೆ ಶಾಪ ಹಾಕಿದ. ಇಷ್ಟು ಚೆನ್ನಾಗಿ ಯಾಕೆ ರಿಪೇರಿ ಮಾಡಬೇಕಿತ್ತು ಆ ಮನುಷ್ಯ!

ಎರಡನೇ ಪಂಕ್ತಿಗೆ ಎಲೆ ಹಾಕಿದಾಗ ನಡುಮನೆ ಖಾಲಿಯಾಯಿತು. ಇದೇ ಸಮಯ ಎಂದು ಗೋಣೆಪ್ಪ ವೈರ್ ಕಿತ್ತು, ಕೂಲರನ್ನು ಅಪ್ಪಿ ಹಿಡಿದು, ಹಿಂಬಾಗಿಲ ಕಡೆ ಒಂದೊಂದೇ ಗೇಣು ಎಳೆಯತೊಡಗಿದ. ತೊಟ್ಟಿಯ ನೀರು ಅಲ್ಲಾಡಿ ಅವನ ಪ್ಯಾಂಟಿನ ಮೇಲೆಲ್ಲ ಚೆಲ್ಲಿತು. ಬಾಗಿಲು ಎರಡೇ ಗೇಣು ಇದೆ ಅನ್ನುವಾಗ ಅಂಜಿನವ್ವ ಎದುರಾದಳು.

"ಏನ್ರಿ ಇದು?"

"ಅದು... ದೇವರ ಕೋಣೆ ಕಡೆ... ಗಾಳಿ..."

ಅಂಜಿನವ್ವ ಅವನ ಒದ್ದೆ ಪ್ಯಾಂಟು ನೋಡಿದಳು. ಹೊರಗೆ ಹೋಗಿ ಸಾರಿದಳು: "ನೋಡ್ರೇ, ಉಣ್ಣದೆ ತಿನ್ನದೆ ಒಬ್ಬನೇ ಕೂಲರ್ ಎಳೆದು ಅಕ್ಕಗೆ ಜಾಗ ಮಾಡಿಕೊಡ್ತಾ ಅದಾನೆ. ನಮಗೂ ಅದಾರೆ ತಮ್ಮಂದ್ರು, ಯಾತಕ್ಕೆ ಬಂದ್ರು?" ಈಗ ಅವಳೂ ಅತ್ತಳು. ಊರಿನ ಹೆಂಗಸರೆಲ್ಲ ಬಂದು ಗೋಣೆಪ್ಪನ ಮುಖ ನೋಡಿ ಹೋದರು.

ಮೂರು ಗಂಟೆ ಹೊತ್ತಿಗೆ ಭಾವ ಉಚ್ಚೆಂಗಪ್ಪ ಅವನ ಹೆಗಲ ಮೇಲೆ ಕೈ ಹಾಕಿ, "ಬಾರಪ್ಪ ಇಲ್ಲಿ" ಎಂದು ಹಿತ್ತಲಿಗೆ ಕರೆದುಕೊಂಡು ಹೋದ. ಉಚ್ಚೆಂಗಪ್ಪ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವನು. ಮಾತು ಕಡಿಮೆ, ಕಣ್ಣು ಚೂಪು.

"ಗೋಣೆಪ್ಪ, ಬೇಜಾರು ಮಾಡ್ಕೋಬ್ಯಾಡ. ಕೂಲರಿನ ಕಾಲು ಸಮ ಐತಾ ಅಂತ ಬಗ್ಗಿ ನೋಡಿದೆ. ಹಿಂದಿನ ಎಡಗಾಲಿಗೆ ಒಂದು ವೆಲ್ಡಿಂಗ್ ಐತೆ. ಆ ವೆಲ್ಡಿಂಗ್ ನಂದು."

"ಅಂದ್ರೆ?"

"ಅಂದ್ರೆ ಅದು ನಮ್ಮನಿ ಕೂಲರ್. ಹದಿನೈದು ದಿನದ ಹಿಂದೆ ನಾನೇ ದಾನಿಶ್‌ಗೆ ಸರ್ವಿಸ್ಸಿಗೆ ಕೊಟ್ಟಿದ್ದು. ಎಲ್ಲಕ್ಕೂ ಒಂದೇ ಬಣ್ಣ ಬಳಿದು, ನಂದನ್ನ ನಿನಗೆ ಕೊಟ್ಟಾನೆ. ನನ್ನ ಕೂಲರ್ ನನಗೇ ಮುಯ್ಯಿ ಮಾಡೀಯಲ್ಲೋ ಮಾರಾಯ!"

ಗೋಣೆಪ್ಪನಿಗೆ ಇದು ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಇಳಿದ ಮೇಲೆ ಅವನ ಮುಖ ಹೊಸ ಬಲ್ಬಿನಂತೆ ಹೊತ್ತಿಕೊಂಡಿತು. ಇದು ಭಾವನ ಕೂಲರ್! ಅತ್ತೆಯ ಕೂಲರ್ ಎಲ್ಲೂ ಹೋಗಿಲ್ಲ! ಸಂಜೆಯೊಳಗೆ ಮನೆ ಸೇರಬಹುದು, ಸುಧಾ ಮನೆ ಬಿಡುವುದಿಲ್ಲ! ಅವನು ಉಚ್ಚೆಂಗಪ್ಪನನ್ನು ತಬ್ಬಿಕೊಂಡು, ಜೀವಮಾನದಲ್ಲಿ ಮೊದಲ ಸಲ ಗಟ್ಟಿ ದನಿಯಲ್ಲಿ ಕೂಗಿದ: "ಹಂಗಾರೆ ನಂದು ಅಂಗಡ್ಯಾಗೇ ಐತೆ ಭಾವ! ನನ್ನ ಕೂಲರ್ ಅಲ್ಲೇ ಐತೆ!"

ಹಿಂದೆ ತಟ್ಟೆ ಸದ್ದಾಯಿತು. ತಮ್ಮನಿಗೆಂದು ಹೋಳಿಗೆ ತಂದ ಚೌಡೇಶ್ವರಿ ನಿಂತಿದ್ದಳು. ಅವಳ ಬೆನ್ನಿಗೇ ಅಂಜಿನವ್ವ.

"ನಿಂದು ಅಲ್ಲೇ ಉಳೀತಾ ತಮ್ಮ?" ಚೌಡೇಶ್ವರಿ ಕೇಳಿದಳು. "ನೀನು ನನಗೆ ಅಂತ ತರಬೇಕಾದ್ದು ಅಲ್ಲಿ, ನಮ್ಮದೇ ನಮ್ಮನಿಗೆ ಬಂತಾ? ಅಯ್ಯೋ, ಆ ದಾನಿಶ್‌ಗೆ ಏನಾಗೈತೆ? ರೀ, ಏನು ನೋಡ್ತೀರಿ, ಫೋನ್ ಹಚ್ರಿ! ನನ್ನ ತವರಿನ ಕೂಲರ್ ಈಗಿಂದೀಗ ಬರಬೇಕು."

"ಅಕ್ಕ, ಅದು ಹಂಗಲ್ಲ..."

"ಹಂಗಲ್ಲ ಅಂದ್ರೆ?" ಇದು ಅಂಜಿನವ್ವ. ಕೇಳಿದ್ದು ಎರಡೇ ಪದ. ಆದರೆ ಕಣ್ಣು ಬೆಳಗಿನಂತೆಯೇ ಹೊಳೆಯತೊಡಗಿತ್ತು.

ಗೋಣೆಪ್ಪ ಅಕ್ಕನ ಮುಖ ನೋಡಿದ. ಬೆಳಗಿನಿಂದ ಮೂರು ಸಲ ಅತ್ತು, ಈಗ ಮದುವೆಯ ದಿನದ ಹಾಗೆ ಅರಳಿ ನಿಂತಿತ್ತು ಆ ಮುಖ.

"ಹಂಗಲ್ಲ ಅಂದ್ರೆ," ಅಂದ ಗೋಣೆಪ್ಪ, "ಬಿಸಿಲಾಗೆ ಅವನಿಗ್ಯಾಕೆ ತೊಂದ್ರಿ ಅಂತ."

ದಾನಿಶ್‌ಗೆ ಏನೂ ತೊಂದರೆ ಆಗಲಿಲ್ಲ. ಅರ್ಧ ಗಂಟೆಯಲ್ಲಿ ಅವನೇ ಆಟೋದಲ್ಲಿ ಕೂಲರ್ ಹೇರಿಕೊಂಡು ಬಂದ. "ತಪ್ಪಾತು ಅಣ್ಣ, ಸೀಸನ್ ನೋಡ್ರಿ" ಎಂದು ಕೈ ಮುಗಿದ. ಊಟಕ್ಕೂ ಕೂತ. ಮತ್ತೆ ನಾಲ್ಕು ಜನ ಕೂಲರ್ ಎತ್ತಿದರು, ಮತ್ತೆ ಎಂಟು ಜನ ಜಗಳಕ್ಕೆ ನಿಂತರು. ನಡುಮನೆಗೆ ಒಂದು, ಮಲಗೋ ಕೋಣೆಗೆ ಒಂದು ಎಂದು ತೀರ್ಮಾನವಾಯಿತು.

ಆಗ ಗೋಣೆಪ್ಪನ ಫೋನ್ ಬಡಿದುಕೊಂಡಿತು. ಸುಧಾ.

"ಏನ್ರಿ, ಎಲ್ಲಿದ್ದೀರಿ? ಅವ್ವ ಮುಂಚಿನ ಬಸ್ಸಿಗೇ ಬಂದುಬಿಟ್ಟಾಳೆ. ಸೆಕಿ ಅಂತ ಸೆರಗಿನಾಗೆ ಗಾಳಿ ಹಾಕ್ಕೊಂತಾ ಕುಂತಾಳೆ. ಸ್ಪೀಕರ್ ಹಾಕೀನಿ, ಅವಳಿಗೇ ಹೇಳ್ರಿ, ಕೂಲರ್ ಎಷ್ಟು ಹೊತ್ತಿಗೆ ಬರ್ತೈತೆ?"

ಗೋಣೆಪ್ಪ ಗೋಡೆಯ ಕಡೆ ತಿರುಗಿ, ಬಾಯಿಗೆ ಕೈ ಅಡ್ಡ ಹಿಡಿದ. ಸಾಯುವ ಮುಂಚೆ ಒಂದಾದರೂ ಸುಳ್ಳನ್ನು ನೆಟ್ಟಗೆ ಹೇಳಬೇಕೆಂದು ಗಟ್ಟಿ ಮನಸ್ಸು ಮಾಡಿದ.

"ಅತ್ತಿ, ಪಂಪು ಸಿಕ್ಕಿಲ್ಲಂತೆ. ಕೂಲರ್ ಇನ್ನೂ ಬಿಚ್ಚೇ ಇಲ್ಲ, ಅಂಗಡ್ಯಾಗೇ ಐತೆ. ಇನ್ನೆರಡು ದಿನ..."

ಅವನ ಹಿಂದೆ ಮೈಲಾರಲಿಂಗಪ್ಪನವರು ಮೈಕಿನ ಮೇಲೆ ಎರಡು ಸಲ ಟಕಟಕ ತಟ್ಟಿ, ಗಂಟಲು ಸರಿಮಾಡಿಕೊಂಡರು. ಹರಿಹರದ ಅರ್ಧ ಊರಿಗೆ, ಮತ್ತು ನಿಟ್ಟುವಳ್ಳಿಯ ಒಂದು ಮನೆಗೆ, ಅವರ ದನಿ ಸ್ಪಷ್ಟವಾಗಿ ಕೇಳಿಸಿತು.

"ನಿಟ್ಟುವಳ್ಳಿಯ ಗೋಣೆಪ್ಪನವರಿಂದ, ಒಡಹುಟ್ಟಿದ ಅಕ್ಕನಿಗೆ, ಇನ್ನೊಂದು ಏರ್ ಕೂಲರ್!"

ಫೋನಿನಲ್ಲಿ ಅತ್ತೆ ಮೈಲಮ್ಮನ ದನಿ ಬಂತು, ಬಲು ಮೆಲ್ಲಗೆ.

"ಅಳಿಯಂದ್ರೇ, ಇನ್ನೊಂದಾ? ಒಂದು ಆಗ್ಲೇ ಕೊಟ್ಟು ಮುಗಿಸೀರಾ?"