ರಿಲೀವರ್ ಮಾವ

ನಮ್ಮ ಸೋದರಮಾವನಿಗೆ ಕೆಲಸ ಮಾಡುವವರನ್ನು ಕಂಡರೆ ಆಗುತ್ತಿರಲಿಲ್ಲ! ತಪ್ಪು ತಿಳಿಯಬೇಡಿ, ಅವರೇನೂ ಸೋಮಾರಿಯಲ್ಲ. ಯಾರಾದರೂ ಬಹಳ ಹೊತ್ತಿನಿಂದ ದುಡಿಯುತ್ತಿದ್ದಾರೆ ಎಂದು ಗೊತ್ತಾದರೆ ಸಾಕು, ಅವರನ್ನು ಎಬ್ಬಿಸಿ ಊಟಕ್ಕೆ ಕಳಿಸಿ ಆ ಜಾಗದಲ್ಲಿ ತಾವು ಕೂರುವವರೆಗೆ ಮಾವನಿಗೆ ಸಮಾಧಾನವಿಲ್ಲ.

ಮಾವ ವಿಶಾಖಪಟ್ಟಣದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಇಂಜಿನಿಯರ್. ಅಲ್ಲಿ ಶಿಫ್ಟ್ ಮುಗಿದರೂ ಬದಲಿಯವನು, ಅಂದರೆ ರಿಲೀವರ್, ಬರುವವರೆಗೆ ಕುರ್ಚಿ ಬಿಡುವಂತಿಲ್ಲ. ಬಂದವನು ಮೂರು ಪ್ರಶ್ನೆ ಕೇಳುತ್ತಾನೆ. ಏನು ಕೆಟ್ಟಿದೆ? ಏನು ಬಿಸಿಯಾಗಿದೆ? ನಿಮ್ಮ ಊಟ ಆಯಿತಾ? ಮೂರನೆಯದು ಕಾರ್ಖಾನೆಯ ನಿಯಮವಲ್ಲ, ಮಾವನ ಸ್ವಂತ ಸೇರ್ಪಡೆ. ಆಮೇಲೆ ಲಾಗ್ ಬುಕ್ಕಿನಲ್ಲಿ ಬರೆದು ಸಹಿ ಹಾಕಬೇಕು.

ಈ ಪದ್ಧತಿಯನ್ನು ಕಾರ್ಖಾನೆಯಲ್ಲೇ ಬಿಟ್ಟು ಬಂದಿದ್ದರೆ ನನಗೇನು ತಕರಾರು? ಒಮ್ಮೆ ಸಿಂಹಾಚಲಂ ದೇವಸ್ಥಾನದಲ್ಲಿ ಕ್ಯೂ ತಡೆಯಲು ಹಗ್ಗ ಹಿಡಿದು ನಿಂತಿದ್ದವರನ್ನು ಊಟಕ್ಕೆ ಕಳಿಸಿ, ಹಗ್ಗವನ್ನು ತಾವೇ ಹಿಡಿದುಬಿಟ್ಟರು. ಆಚೆ ಕಡೆ ನಿಂತವರು ಯಾರು? ಅಮ್ಮ ಮತ್ತು ನಾನು! "ಅಣ್ಣಾ, ಬಿಡೋ ನಮ್ಮನ್ನ" ಎಂದು ಅಮ್ಮ ಬೇಡಿಕೊಂಡರೆ, "ಕ್ಯೂ ಅಂದ್ರೆ ಕ್ಯೂ ಕಣಮ್ಮ" ಅಂದರು. ದೇವರ ದರ್ಶನವಾಗುವಷ್ಟರಲ್ಲಿ ನನ್ನ ಕಾಲು ಬಿದ್ದುಹೋಗಿತ್ತು.

ಇಂಥವರು ನಮ್ಮ ಶಾಲೆಯ ಪೋಷಕರ ಸಭೆಗೆ ಬಂದರೆ ನನ್ನ ಗತಿ? ನಾನಾಗ ಎಂಟನೇ ಕ್ಲಾಸು, ಗಣಿತದಲ್ಲಿ ನೂರಕ್ಕೆ ಹತ್ತೊಂಬತ್ತು. ಅಪ್ಪ ನೌಕಾಪಡೆಯವರು, ಹಡಗಿನಲ್ಲಿದ್ದರು. ಅಮ್ಮ, "ನನ್ನ ತೆಲುಗಲ್ಲಿ ಬದನೆಕಾಯಿ ತರಬಹುದು ಅಷ್ಟೆ. ನೀನೇ ಹೋಗ್ಬಾ ಅಣ್ಣ" ಎಂದುಬಿಟ್ಟಳು. ಮಾವ ಒಂದು ಕೈಯಲ್ಲಿ ಕಾಫಿ ಫ್ಲಾಸ್ಕು, ಇನ್ನೊಂದರಲ್ಲಿ ಪುಳಿಯೋಗರೆ ಡಬ್ಬಿ ಹಿಡಿದು ಹೊರಟೇಬಿಟ್ಟರು.

ಗಣಿತದ ಟೀಚರ್ ಮಧ್ಯಾಹ್ನದಿಂದ ಕೂತಲ್ಲೇ ಕೂತಿದ್ದರು. ಬಂದವರೆಲ್ಲ ಅವರನ್ನು ದಬಾಯಿಸಿಯೇ ಹೋಗುತ್ತಿದ್ದರು. ನಮ್ಮ ಸರದಿ ಬಂತು.

"ಮೇಡಂಗಾರು, ಏನು ಕೆಟ್ಟಿದೆ?" ಮಾವ ತೆಲುಗಿನಲ್ಲಿ ಕೇಳಿದರು.

ಟೀಚರ್ ನನ್ನತ್ತ ಬೆರಳು ತೋರಿಸಿದರು. "ಇವಳ ಗಣಿತ."

"ಏನು ಬಿಸಿಯಾಗಿದೆ?"

"ನನ್ನ ತಲೆ!"

"ಊಟ ಆಯಿತಾ ಅಂಡಿ?"

ಟೀಚರ್ ಪೆನ್ನು ಕೆಳಗಿಟ್ಟರು. ಆಮೇಲೆ ಮೆಲ್ಲಗೆ, "ಲೇದಂಡಿ", ಇಲ್ಲ ಎಂದು ತಲೆಯಾಡಿಸಿದರು. ಎರಡೇ ನಿಮಿಷ! ಟೀಚರ್ ಡಬ್ಬಿಯೊಂದಿಗೆ ಸ್ಟಾಫ್ ರೂಮಿನಲ್ಲಿ, ಮಾವ ಟೀಚರ ಕುರ್ಚಿಯಲ್ಲಿ!

ಮುಂದೆ ಬಂದದ್ದು ಫಸ್ಟ್ ರ‍್ಯಾಂಕ್ ಹುಡುಗನ ತಂದೆ. "ನಮ್ಮವನಿಗೆ ತೊಂಬತ್ತೆಂಟೇ ಬಂದಿದೆ. ಇನ್ನೆರಡು ಎಲ್ಲಿ ಹೋಯಿತು?" ಎಂದು ಮೇಜು ಗುದ್ದಿದರು. ಮಾವ ಗಂಭೀರವಾಗಿ ರಿಜಿಸ್ಟರ್ ತಿರುವಿದರು. "ಸಾರ್, ಆ ಎರಡು ಮಾರ್ಕನ್ನ ಮೇಂಟೆನೆನ್ಸಿಗೆ ನಿಲ್ಲಿಸಿದೆ. ಸತತವಾಗಿ ಓಡಿಸಿದರೆ ಯಾವ ಯಂತ್ರವೂ ಉಳಿಯಲ್ಲ." ಆ ಮಹಾಶಯರು ಕೈ ಮುಗಿದು ಹೋದರು, ನಂಬುತ್ತೀರಾ?

ಹೆಡ್‌ಮಿಸ್ಟ್ರೆಸ್ ಓಡಿ ಬಂದರು. "ನೀವು ಯಾರು?"

"ರಿಲೀವರ್!"

ಪಕ್ಕದಲ್ಲಿದ್ದ ಗೆಳತಿ ನನ್ನ ಕೈ ಜಗ್ಗಿ, ಅವರು ಯಾರೇ ಎಂದು ಕೇಳಿದಳು. ನಾನು ಗಟ್ಟಿಯಾಗಿಯೇ ಹೇಳಿದೆ, "ನಮ್ಮವರಲ್ಲಪ್ಪ, ಪಕ್ಕದ ಮನೆಯವರು."

ಟೀಚರ್ ಬಂದ ಮೇಲೆ ಮಾವ ಕುರ್ಚಿ ಬಿಟ್ಟುಕೊಟ್ಟು, ನನ್ನ ಪ್ರೋಗ್ರೆಸ್ ಕಾರ್ಡಿನಲ್ಲಿ ಪೋಷಕರ ಸಹಿಯ ಜಾಗದಲ್ಲಿ ಬರೆದರು: "ಚಾರ್ಜು ಹಿಂತಿರುಗಿಸಿದ್ದೇನೆ. ಹುಡುಗಿಯ ಗಣಿತ ಕೆಟ್ಟಿದೆ. ರಿಪೇರಿ ಸಾಧ್ಯ. ಟೀಚರ್ ಊಟ ಮಾಡಿದ್ದಾರೆ."

ಮನೆಗೆ ಬರುವಾಗ ಮಾವ, "ಪಕ್ಕದ ಮನೆಯವರೇ, ನಿಮ್ಮನ್ನ ಗೇಟಿನವರೆಗೂ ಬಿಡ್ಲಾ?" ಎಂದು ನಕ್ಕರು. ಕೇಳಿಸಿಕೊಂಡಿದ್ದರು! ನಗುತ್ತಲೇ ಎರಡು ಸಲ ಕನ್ನಡಕ ತೆಗೆದು ಒರೆಸಿದರು. ನನಗೆ ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ.

ಮರುದಿನದಿಂದ ಟೀಚರ್ ಊಟದ ಬಿಡುವಿನಲ್ಲಿ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲೆಕ್ಕ ಹೇಳಿಕೊಟ್ಟರು. ರಿಪೇರಿ ಎಷ್ಟರ ಮಟ್ಟಿಗೆ ಆಯಿತೆಂದರೆ, ಕೆಲವು ವರ್ಷಗಳ ಮೇಲೆ ನಾನೇ ವಿಜಯವಾಡದ ಶಾಲೆಯೊಂದರಲ್ಲಿ ಗಣಿತದ ಟೀಚರ್ ಆದೆ. ನಗಬೇಡಿ!

ಅಲ್ಲಿ ನನ್ನ ಮೊದಲ ಪೋಷಕರ ಸಭೆ. ಬೆಳಿಗ್ಗೆಯಿಂದ ಒಬ್ಬರಾದ ಮೇಲೊಬ್ಬರು ದಬಾಯಿಸುತ್ತಿದ್ದರು. ಒಬ್ಬರಂತೂ, "ನಿಮಗೆ ಪಾಠ ಮಾಡಲು ಬರುತ್ತದೇನ್ರೀ?" ಎಂದು ಎಲ್ಲರೆದುರು ಕೇಳಿದರು. ನನಗೂ ಅದೇ ಅನುಮಾನ ಬಂತು. ಈ ಕೆಲಸವೇ ಬೇಡ, ನಾಳೆ ರಾಜೀನಾಮೆ ಕೊಟ್ಟುಬಿಡೋಣ ಎಂದು ತಲೆ ತಗ್ಗಿಸಿ ಕೂತೆ.

ಮೇಜಿನ ಮೇಲೆ ಒಂದು ಫ್ಲಾಸ್ಕ್ ಬಂದು ಕೂತಿತು.

"ಮೇಡಂಗಾರು, ಏನು ಕೆಟ್ಟಿದೆ?"

ತಲೆ ಎತ್ತಿದೆ. ರಿಟೈರ್ ಆಗಿ ಕೂದಲೆಲ್ಲ ಬೆಳ್ಳಗಾದ ಮಾವ! ಅಮ್ಮನಿಂದ ಸಭೆಯ ಸುದ್ದಿ ತಿಳಿದು, ಬೆಳಗಿನ ರೈಲು ಹಿಡಿದು ವಿಶಾಖಪಟ್ಟಣದಿಂದ ಬಂದಿದ್ದರು. ನಾನು ರಿಜಿಸ್ಟರ್ ಮುಚ್ಚಿಟ್ಟೆ. ಅವರು ಎರಡನೇ ಪ್ರಶ್ನೆ ಕೇಳಲಿಲ್ಲ.

"ಊಟ ಆಯ್ತೇನೇ, ಪುಟ್ಟಿ?"

ಅಳು ಬಂದೇಬಿಟ್ಟಿತು. ನಮ್ಮ ಹೆಡ್‌ಮಾಸ್ಟರ್ ಗಾಬರಿಯಿಂದ ಬಂದು, ಇವರು ಯಾರು ಎಂದು ಕೇಳಿದರು. ಮಾವ ನನ್ನ ಮುಖ ನೋಡಿ, ಎಂದಿನ ತಮಾಷೆಯಲ್ಲಿ, "ಪಕ್ಕದ ಮನೆ..." ಎಂದು ಶುರುಮಾಡಿದರು.

"ಅಲ್ಲ ಸಾರ್," ನಾನು ಇಡೀ ಹಾಲಿಗೆ ಕೇಳುವಂತೆ ಹೇಳಿದೆ, "ಇವರು ನಮ್ಮ ಮಾವ."

ಹೇಳಿ, ಎದ್ದು, ಅವರಿಗೆ ಕುರ್ಚಿ ಬಿಟ್ಟುಕೊಟ್ಟೆ.