ಮರೆತವರ ಬೆಂಚು

ಒಂದೇ ಒಂದು ಸಾಲು ಅಳಿಸುವುದನ್ನು ಮರೆತದ್ದಕ್ಕೆ ಬುಗುರಿಯ ಆ ದಿನ ಹಾಳಾಯಿತು. ಗಡಿಬಿಡಿಯಲ್ಲಿ ಯಾರು ಬೇಕಾದರೂ ಮರೆಯಬಹುದು, ನಿಜ. ಆದರೆ ಇಲ್ಲಿ ಮರೆತವನು ಅಷ್ಟು ದೊಡ್ಡ ವಿಶ್ವವಿದ್ಯಾಲಯದ ಕಂಪ್ಯೂಟರ್ ಎಂಜಿನಿಯರಿಂಗ್ ವಿಭಾಗದಲ್ಲೇ ಜಾಣ ಎಂದು ಹೆಸರು ಮಾಡಿದವನು.

ಕೂತಲ್ಲಿ ಕೂರದೆ, ಲ್ಯಾಬಿನ ತುಂಬ ಸುತ್ತುತ್ತಲೇ ಯೋಚಿಸುತ್ತಿದ್ದುದರಿಂದ ಗೆಳೆಯರು ಅವನಿಗೆ ಬುಗುರಿ ಎಂದು ಹೆಸರಿಟ್ಟಿದ್ದರು. ಹೆಸರು ಹೇಗೇ ಇರಲಿ, ಹುಡುಗನ ಕೆಲಸವನ್ನು ಮೆಚ್ಚಲೇಬೇಕು. ಪರೀಕ್ಷೆಗೆ ಒಂಬತ್ತು ಸಾವಿರ ವಿದ್ಯಾರ್ಥಿಗಳನ್ನು, ಒಂದೇ ವಿಭಾಗದ ಇಬ್ಬರು ಅಕ್ಕಪಕ್ಕ ಬಾರದ ಹಾಗೆ ಕೂರಿಸಬೇಕಲ್ಲ, ಅದಕ್ಕೆ ಪರೀಕ್ಷಾ ವಿಭಾಗದ ನಾಲ್ಕು ಜನ ಕತ್ತರಿ, ಗೋಂದು, ಕಾಗದದ ಚೂರುಗಳ ನಡುವೆ ಹನ್ನೊಂದು ದಿನ ಹೆಣಗುತ್ತಿದ್ದರು. ಬುಗುರಿ ತನ್ನ ಪ್ರಾಜೆಕ್ಟಿಗೆಂದು ಬರೆದ ಪ್ರೋಗ್ರಾಂ ಅದನ್ನು ನಾಲ್ಕು ನಿಮಿಷದಲ್ಲಿ ಮಾಡಿ ಮುಗಿಸಿತು. ನೋಡಿದವರೆಲ್ಲ ಮೂಗಿನ ಮೇಲೆ ಬೆರಳಿಟ್ಟರು.

ಎಡವಟ್ಟಾದದ್ದು ಅದನ್ನು ಪರೀಕ್ಷಿಸಿ ನೋಡುವಾಗ. ಸುಮ್ಮನೆ ಬೇರೆಯವರ ಸಂಖ್ಯೆ ಯಾಕೆ ಹಾಳುಮಾಡುವುದು ಎಂದು ಬುಗುರಿ ಎಲ್ಲ ಕಡೆಯೂ ತನ್ನ ಸಂಖ್ಯೆಯನ್ನೇ, 3219 ಎಂದು, ಹಾಕಿ ನೋಡಿದ್ದ. ಕೊನೆಗೆ ಇನ್ನೂರು ಚಿಲ್ಲರೆ ಕೋಣೆಗಳಲ್ಲೂ ಅವನೇ ಕೂತಿದ್ದ. ಅದಕ್ಕೆ ಒಂದು ಸಾಲು ಬರೆದ: 3219 ಎಲ್ಲಿ ಕಂಡರೂ ಕೈಬಿಡು. ಪಕ್ಕದಲ್ಲೇ ‘ಇದನ್ನು ಆಮೇಲೆ ತೆಗೆಯಬೇಕು’ ಎಂದು ತನಗೆ ತಾನೇ ಟಿಪ್ಪಣಿಯನ್ನೂ ಬರೆದುಕೊಂಡ. ಟಿಪ್ಪಣಿ ಇವತ್ತಿಗೂ ಅಲ್ಲೇ ಇದೆ.

ಪರೀಕ್ಷೆಯ ದಿನ ಬೆಳಗ್ಗೆ ಒಂಬತ್ತಕ್ಕೆ ಪಟ್ಟಿ ಗೋಡೆಗೆ ಬಂತು. ಬುಗುರಿ ಹಿಗ್ಗಿ ಹೀರೇಕಾಯಿಯಾಗಿ ಅದರ ಮುಂದೆ ನಿಂತು ಓದಿದ. 3217 ಇತ್ತು, 3218 ಇತ್ತು. ಆಮೇಲೆ 3220.

“ಏನ್ ಚೆನ್ನಾಗ್ ಮಾಡಿದೀಯ ಕಣೋ,” ಎಂದು ಹಾಸ್ಟೆಲ್ಲಿನ ರೂಮ್‌ಮೇಟು ಬೆನ್ನು ತಟ್ಟಿದ. “ಎರಡೇ ಸೆಕೆಂಡಲ್ಲಿ ನನ್ನ ಜಾಗ ಸಿಕ್ತು. ನಿಂದೆಲ್ಲಿ?”

“ನಂದು ಇಲ್ಲ ಕಣೋ.”

“ಸರಿಯಾಗ್ ನೋಡು. ಮಷೀನ್ ಮಾಡಿರೋದು, ತಪ್ಪಾಗಕ್ಕೆ ಚಾನ್ಸೇ ಇಲ್ಲ. ಆ ಕಡೆ ಬಿಲ್ಡಿಂಗಲ್ಲಿ ಹಾಕಿರುತ್ತೆ.”

ಬುಗುರಿಗೆ ಆ ಸಾಲು ನೆನಪಾದದ್ದು ಆಗಲೇ. ಅವತ್ತಿನ ಪೇಪರು ತಪ್ಪಿದರೆ ಮುಂದಿನ ವರ್ಷ ಕಿರಿಯರ ಜೊತೆ ಕೂತು ಬರೆಯಬೇಕು, ಒಂದು ವರ್ಷ ಮಣ್ಣುಪಾಲು. ಪರೀಕ್ಷೆ ಹತ್ತಕ್ಕೆ, ಹತ್ತೂವರೆಯ ಮೇಲೆ ಯಾರನ್ನೂ ಒಳಗೆ ಬಿಡುವುದಿಲ್ಲ. ಅವತ್ತಿನ ವಿಷಯ ಯಾವುದು ಅಂತೀರಿ? ಪ್ರೋಗ್ರಾಂಗಳಲ್ಲಿ ತಪ್ಪು ಹುಡುಕುವುದು ಹೇಗೆ ಎಂಬುದು.

ಪರೀಕ್ಷಾ ಕಟ್ಟಡದ ಬಾಗಿಲಿಗೆ ಓಡಿದ. ಕಾವಲಿನವನು ಕೈ ಅಡ್ಡ ಹಿಡಿದ.

“ಪಟ್ಟೀಲಿ ಇಲ್ದೋರನ್ನ ಬಿಡಲ್ಲಪ್ಪ.”

“ಆ ಪಟ್ಟಿ ಮಾಡಿದ್ದೇ ನಾನು, ಅಣ್ಣ.”

ಕಾವಲಿನವನು ಅವನನ್ನು ಮೇಲಿಂದ ಕೆಳಗೆ ನೋಡಿದ. “ಮಾಡಿದೋರು ಯಾರಾದ್ರೂ ತಮ್ಮ ನಂಬರನ್ನೇ ಬಿಟ್ಬಿಡ್ತಾರಾ?”

ಬುಗುರಿ ಅಲ್ಲಿಂದ ದೂರು ಕೊಡುವ ಕಿಟಕಿಗೆ ಹೋದ. ಅಲ್ಲಿ ಮನುಷ್ಯರ ಬದಲು ಈಗ ಒಂದು ಕಂಪ್ಯೂಟರ್ ಇತ್ತು, ಅದೂ ಅವನದೇ ಸಲಹೆ, ಅವನದೇ ಪ್ರೋಗ್ರಾಂ. ಸಂಖ್ಯೆ ಒತ್ತಿದ. ‘ಈ ಸಂಖ್ಯೆಯ ವಿದ್ಯಾರ್ಥಿ ಇಲ್ಲ. ಧನ್ಯವಾದ’ ಎಂದು ಬಂತು. ಧನ್ಯವಾದ ಸೇರಿಸಿದವನೂ ಅವನೇ. ಅಷ್ಟಾದರೂ ಮರ್ಯಾದೆ ಇರಲಿ ಎಂದು ಆಗ ಅನ್ನಿಸಿತ್ತು.

ಅಷ್ಟರಲ್ಲಿ ಜೇಬಿನಲ್ಲಿ ಫೋನು ಕುಣಿಯಿತು.

“ಸೀಟು ಫ್ಯಾನ್ ಕೆಳಗೇ ಹಾಕ್ಕೊಂಡಿದೀಯ ತಾನೇ?” ಎಂದಳು ಅಮ್ಮ. “ನೀನೇ ಮಾಡಿರೋದಲ್ವಾ, ಯಾರು ಕೇಳ್ತಾರೆ? ನಿನ್ನ ಚಿಕ್ಕಮ್ಮಂಗೂ ಹೇಳಿದೀನಿ, ಇಡೀ ಯೂನಿವರ್ಸಿಟೀನ ನನ್ನ ಮಗ ಕೂರಿಸ್ತಾ ಇದಾನೆ ಅಂತ.”

“ಹೂಂ ಅಮ್ಮ, ಆಮೇಲೆ ಮಾಡ್ತೀನಿ,” ಎಂದು ಫೋನಿಟ್ಟು ಮೇಡಂ ಕೋಣೆಯ ಕಡೆ ತಿರುಗಿದ.

ಮೇಡಂ ಅವನ ಪ್ರಾಜೆಕ್ಟಿನ ಮಾರ್ಗದರ್ಶಕಿ. ಅವರೇ ಎದುರಿಗೆ ಬಂದರು, ಜೊತೆಗೆ ಕುಲಪತಿಗಳು, ಹಿಂದೆ ಹತ್ತಾರು ಜನ.

“ಮೇಡಂ, ಒಂದು ಚಿಕ್ಕ ವಿಷಯ...” ಎಂದು ಬುಗುರಿ ಶುರುಮಾಡಿದ.

“ಚಿಕ್ಕದೇನಲ್ಲಪ್ಪ, ದೊಡ್ಡದೇ ಮಾಡಿದೀಯ. ಸರ್, ಇವನೇ ಆ ಹುಡುಗ.”

ಕುಲಪತಿಗಳು ಕೈ ಕುಲುಕಿದರು. “ಭೇಷ್. ನೋಡಪ್ಪ, ಒಂದೇ ಒಂದು ತಪ್ಪು ಬಂದ್ರೂ ನಾವು ಹಳೇ ಪದ್ಧತಿಗೇ ವಾಪಸ್ ಹೋಗ್ತೀವಿ, ನಿನ್ನ ಪ್ರಾಜೆಕ್ಟಿಗೂ ಮಾರ್ಕ್ಸ್ ಇರಲ್ಲ. ಯಾರಾದ್ರೂ ಬಿಟ್ಟುಹೋಗಿದಾರಾ?”

ಎಲ್ಲರ ಕಣ್ಣೂ ಅವನ ಮೇಲೆ. ಮೇಡಂ ಮುಖ ಮಗಳ ಮದುವೆ ಮಾಡಿದವರ ಹಾಗೆ ಅರಳಿತ್ತು. ಬುಗುರಿ “ಇಲ್ಲ ಸರ್,” ಎಂದುಬಿಟ್ಟ. ಚಪ್ಪಾಳೆ ಬಿತ್ತು. ಗಡಿಯಾರ ಹತ್ತು ಗಂಟೆ ತೋರಿಸುತ್ತಿತ್ತು.

ಇನ್ನು ಉಳಿದದ್ದು ಒಂದೇ ದಾರಿ, ಗೋಂದಜ್ಜ. ಮೂವತ್ತು ವರ್ಷ ಪರೀಕ್ಷಾ ವಿಭಾಗದಲ್ಲಿ ಬೆಂಚಿಗೆ ಸಂಖ್ಯೆ ಅಂಟಿಸಿದ ಗುಮಾಸ್ತ. ಬುಗುರಿಯ ಪ್ರೋಗ್ರಾಂ ಬಂದಮೇಲೆ ಅವನ ಕತ್ತರಿಗೆ ಕೆಲಸ ತಪ್ಪಿತ್ತು, ಆದರೂ ಹುಡುಗನನ್ನು ಕಂಡರೆ ಅವನಿಗೆ ಪ್ರಾಣ. ಖಾಲಿ ಮೇಜಿನ ಮುಂದೆ ಗೋಂದಿನ ಬಾಟಲಿ ಇಟ್ಟುಕೊಂಡು ಕೂತಿದ್ದವನು ತಲೆಯೆತ್ತಿ ನೋಡಿದ.

“ಬಾ ಮಗಾ. 3219 ಅಲ್ವಾ ನೀನು? ನಿನ್ನೆ ಸಾಯಂಕಾಲ ಪಟ್ಟಿ ಓದ್ದಾಗ್ಲೇ ನೋಡ್ದೆ, ಇರ್ಲಿಲ್ಲ.”

ಒಂಬತ್ತು ಸಾವಿರ ಸಂಖ್ಯೆಗಳಲ್ಲಿ ಒಂದು ಇಲ್ಲದ್ದನ್ನು ಬರೀ ಕಣ್ಣಲ್ಲಿ ಹಿಡಿದ ಮುದುಕನನ್ನು ಬುಗುರಿ ಬೆರಗಾಗಿ ನೋಡಿದ. ಇಂಥದ್ದೊಂದು ಪ್ರೋಗ್ರಾಂ ಬರೆಯಲು ತನಗೆ ಇನ್ನೂ ಹತ್ತು ವರ್ಷ ಬೇಕು ಅನ್ನಿಸಿತು.

“ನೋಡಿದ್ರೆ ಹೇಳ್ಬಾರ್ದಿತ್ತಾ, ಅಜ್ಜ?”

“ನೀನೇ ಬಿಟ್ಟಿದೀಯ ಅಂದ್ಮೇಲೆ ಏನೋ ಲೆಕ್ಕಾಚಾರ ಇರುತ್ತೆ ಅಂದ್ಕೊಂಡೆ. ನಿಮ್ಮ ಬುದ್ಧಿವಂತಿಕೆ ನಮಗೇನ್ ಗೊತ್ತಾಗುತ್ತೆ?” ಎನ್ನುತ್ತ ಗೋಂದಜ್ಜ ಎದ್ದ. “ಬಾ. ಹದಿನಾಲ್ಕನೇ ಕೋಣೇಲಿ ಬಾಗಿಲ ಹಿಂದೆ ಒಂದು ಬೆಂಚು ಯಾವಾಗ್ಲೂ ಖಾಲಿ ಇಟ್ಟಿರ್ತೀನಿ. ಪ್ರತಿ ಪರೀಕ್ಷೇಲೂ ನಾವು ಯಾರನ್ನಾದ್ರೂ ಒಬ್ಬರನ್ನ ಮರೀತಿದ್ವಿ. ಮನುಷ್ಯರು ನೋಡು.”

ಅಜ್ಜ ಹಿಂಬಾಗಿಲ ಮೆಟ್ಟಿಲು ಹತ್ತಿಸಿ, ಚೀಟಿಯ ಮೇಲೆ ದುಂಡಗೆ 3219 ಎಂದು ಬರೆದು, ಬೆರಳಲ್ಲೇ ಗೋಂದು ಸವರಿ, ಬೆಂಚಿಗೆ ಒತ್ತಿದ. ಮೇಲ್ವಿಚಾರಕರು ಚೀಟಿಯನ್ನೂ ಹುಡುಗನ ಕಾರ್ಡನ್ನೂ ನೋಡಿ, ಎರಡೂ ತಾಳೆಯಾದವಲ್ಲ ಎಂದು ಉತ್ತರಪತ್ರಿಕೆ ಕೊಟ್ಟರು. ಗಂಟೆ ಹತ್ತು ಇಪ್ಪತ್ತೆಂಟು. ಫ್ಯಾನಿನ ಗಾಳಿ ಬಾಗಿಲ ಹಿಂದಕ್ಕೆ ಬರುತ್ತಿರಲಿಲ್ಲ, ಆದರೂ ಬುಗುರಿಗೆ ಸ್ವರ್ಗಕ್ಕೆ ಮೂರೇ ಗೇಣು.

ಉತ್ತರಪತ್ರಿಕೆಯ ಮೇಲೆ ಹೆಸರು ಬರೆಯುವ ಹಾಗಿಲ್ಲ, ಸಂಖ್ಯೆ ಮಾತ್ರ. ಬರೆದು, ಪ್ರಶ್ನೆ ನೋಡಿದ. ಮೊದಲನೆಯದೇ ಹೀಗಿತ್ತು: ‘ಪರೀಕ್ಷಿಸಲು ಸೇರಿಸಿದ ಸಾಲುಗಳನ್ನು ತೆಗೆಯಲು ಮರೆತರೆ ಆಗುವ ಅನಾಹುತವನ್ನು ಉದಾಹರಣೆಯೊಂದಿಗೆ ವಿವರಿಸಿ.’ ಬುಗುರಿ ಕಾಗದದಿಂದ ಪೆನ್ನೆತ್ತದೆ ಐದು ಪುಟ ಬರೆದ.

ಸಂಜೆ ಐದಕ್ಕೆ ಮೇಡಂ ಹೇಳಿಕಳಿಸಿದರು. ಪರೀಕ್ಷಾ ವಿಭಾಗದಲ್ಲಿ ದೊಡ್ಡವರೆಲ್ಲ ಸೇರಿದ್ದರು. ಗೋಂದಜ್ಜನೂ ಮೂಲೆಯಲ್ಲಿ ನಿಂತಿದ್ದ. ಸನ್ಮಾನವೇ ಇರಬೇಕು ಎಂದು ಬುಗುರಿ ತಲೆ ಬಾಚಿಕೊಂಡೇ ಹೋಗಿದ್ದ.

“ನಿನ್ನ ಪ್ರೋಗ್ರಾಂ ಒಬ್ಬ ಕಳ್ಳನ್ನ ಹಿಡಿದಿದೆ ಕಣಪ್ಪ,” ಎಂದರು ಮೇಡಂ, ಹೆಮ್ಮೆಯಿಂದ. “ಹದಿನಾಲ್ಕನೇ ಕೋಣೆ ಪಟ್ಟೀಲಿ ನಲವತ್ತು ಜನ, ಉತ್ತರಪತ್ರಿಕೆ ನಲವತ್ತೊಂದು. ಯಾವನೋ ಸುಳ್ಳು ನಂಬರು, ಸುಳ್ಳು ಕಾರ್ಡು ಮಾಡ್ಕೊಂಡು ಬಂದು ಬರೆದು ಹೋಗಿದಾನೆ. ಕಿಟಕಿ ಹತ್ರ ಇರೋ ಕಂಪ್ಯೂಟರಲ್ಲೂ ಹಾಕಿ ನೋಡಿದ್ವಿ, ಅಂಥ ವಿದ್ಯಾರ್ಥಿನೇ ಇಲ್ವಂತೆ.”

“ಮೇಲ್ವಿಚಾರಕರು ಮುಖ ನೋಡಿರ್ತಾರಲ್ಲ, ಮೇಡಂ?” ಎಂದು ಕೇಳಿದ ಬುಗುರಿ.

“ದಿನಕ್ಕೆ ಇನ್ನೂರು ಮುಖ ನೋಡ್ತಾರೆ, ಎಲ್ಲಿ ನೆನಪಿರುತ್ತೆ? ಅವನಿಗೆ ಒಳಗಿನೋರು ಯಾರೋ ಸಹಾಯ ಮಾಡಿದಾರೆ, ಬೆಂಚಿನ ಮೇಲೆ ಗೋಂದು ಇನ್ನೂ ಹಸಿಯಾಗಿತ್ತಂತೆ.” ಮೂಲೆಯಲ್ಲಿ ಗೋಂದಜ್ಜ ಕೈಯನ್ನು ಮೆಲ್ಲಗೆ ಜೇಬಿಗೆ ಇಳಿಸಿದ. “ಆದ್ರೆ ಒಂದು ಹೇಳ್ಬೇಕು ನೋಡು, ಕಳ್ಳ ಮಹಾ ಬುದ್ಧಿವಂತ. ಮೊದಲನೇ ಪ್ರಶ್ನೆಗೆ ಅಂಥ ಉತ್ತರ ನಾನು ಇಷ್ಟು ವರ್ಷದಲ್ಲಿ ಓದಿಲ್ಲ. ಸ್ವಂತ ಅನುಭವದ ಹಾಗೆ ಬರೆದಿದಾನೆ.”

ಕುಲಪತಿಗಳು ಬುಗುರಿಯ ಹೆಗಲ ಮೇಲೆ ಕೈಯಿಟ್ಟರು. “ಇವನನ್ನ ಹುಡುಕೋಕೆ ನಿನಗಿಂತ ತಕ್ಕವರು ಇಲ್ಲಪ್ಪ. ನಾಳೆ ಬೆಳಗ್ಗೆ ಪರೀಕ್ಷೆ ಶುರುವಾಗೋದ್ರೊಳಗೆ ಅವನನ್ನ ನನ್ನ ಮುಂದೆ ನಿಲ್ಲಿಸ್ಬೇಕು.”

ಎಲ್ಲರೂ ಹೋದಮೇಲೆ ಬುಗುರಿ ಕಂಪ್ಯೂಟರಿನ ಮುಂದೆ ಕೂತ. ಆ ಸಾಲು ಅಳಿಸಿದರೆ ಕಳ್ಳನ ಸಂಖ್ಯೆಯ ಮುಂದೆ ತನ್ನ ಹೆಸರು ಬರುತ್ತದೆ. ಅಳಿಸದಿದ್ದರೆ ನಾಳೆಯ ಪರೀಕ್ಷೆಗೂ ಜಾಗ ಇರುವುದಿಲ್ಲ. ಜೀವನದಲ್ಲಿ ಮೊದಲ ಸಲ ಅವನು ಸುತ್ತದೆ, ಕೂತಲ್ಲೇ ಕೂತು ಯೋಚಿಸುತ್ತಿದ್ದ.

ಬಾಗಿಲಲ್ಲಿ ಗೋಂದಜ್ಜ ಕಾಣಿಸಿಕೊಂಡ. ಅತ್ತಿತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದ.

“ನಾಳೆಗೂ ಆ ಬೆಂಚು ಖಾಲಿ ಇಟ್ಟಿದೀನಿ, ಮಗಾ. ಆದ್ರೆ ಕಳ್ಳನ್ನ ಹಿಡಿಯೋಕೆ ಅಂತ ಅದರ ಪಕ್ಕದಲ್ಲೇ ಕುರ್ಚಿ ಹಾಕ್ಕೊಂಡು ಕೂತ್ಕೋತಾರಂತೆ, ನಿಮ್ಮ ಮೇಡಂ.”